ಹಲ್ಕಿಸ್ಕಿ ನಂಜಮ್ಮನ ನಗು

ಉಮ್ಮತ್ತೂರಿನ ಹೊಲದ ಬದುವಿನಡಿ ಕುಳಿತಿರುವ ನನ್ನವ್ವನಿಗೆ, ಹಂಗಳದಿಂದ ಮಗಳು ರಾಜಮ್ಮ ಬರೆಯುವುದು.

ಬದುಕಿದ್ದಾಗ ನಿನಗೆ ಓದು ಬರುತ್ತಿರಲಿಲ್ಲ. ಈಗ ಬರುತ್ತದೆಂದೇ ತಿಳಿದು ಬರೆಯುತ್ತಿದ್ದೇನೆ. ಯಾರನ್ನೂ ಕರೆದು ಓದಿಸಿಕೊಳ್ಳಬೇಡ.

ಅಪ್ಪ ಕೈಯೆತ್ತಿದಾಗಲೆಲ್ಲ ನಿನ್ನ ತುಟಿ ಹಿಂದಕ್ಕೆ ಸರಿದು ಹಲ್ಲೆಲ್ಲ ಕಾಣುತ್ತಿತ್ತಲ್ಲ, ನನಗೆ ಮೊದಲು ನೆನಪಾಗುವುದು ಅದೇ. "ನನ್ನ ಕಂಡು ಹಲ್ ಕಿಸೀತೀಯಾ?" ಎಂದು ಅಪ್ಪ ಇನ್ನೊಂದು ಬಾರಿಸುತ್ತಿದ್ದ. "ನಗ್ನಿಲ್ಲ ಕಣಪ್ಪೋ, ನಾ ನಗ್ನಿಲ್ಲ" ಎನ್ನುತ್ತಲೇ ನಿನ್ನ ಹಲ್ಲು ಇನ್ನಷ್ಟು ಕಾಣುತ್ತಿತ್ತು. ಜಗಲಿಯಲ್ಲಿ ಕುಳಿತವರು, "ಏಟು ತಿಂದ್ರೂ ನಗ್ತಳಲ್ಲ, ಎಂಥ ಭಂಡಿ ಇವ್ಳು!" ಎಂದರು. ಊರಿಗೆ ಊರೇ ನಿನ್ನನ್ನು ಹಲ್ಕಿಸ್ಕಿ ನಂಜಮ್ಮ ಎಂದು ಕರೆಯಿತು. ಕೊನೆಗೆ ನೀನೂ ಅದನ್ನೇ ನಂಬಿದೆ. "ನನ್ ಮೋರೆನೇ ಸರಿಗಿಲ್ಲ ಕಣಮ್ಮಿ, ನನ್ ಮಾತ್ ಕೇಳಕಿಲ್ಲ" ಎಂದು ಒಲೆಯ ಮುಂದೆ ಕೂತು ಹೇಳುತ್ತಿದ್ದೆ.

ನನ್ನನ್ನು ಚಾಮರಾಜನಗರದ ಹೈಸ್ಕೂಲಿಗೆ ಸೇರಿಸಿ ಎಂದು ನೀನು ಕೇಳಿದ ಬೆಳಗ್ಗೆ ಅಪ್ಪನ ಕೈಯಲ್ಲಿ ನೊಗದ ಗೂಟವಿತ್ತು. ಕೇಳುವಾಗಲೂ ನಿನ್ನ ಹಲ್ಲು ಕಂಡಿತು. ದವಡೆ ಮುರಿದದ್ದು ಹಸಿ ಕಬ್ಬು ಮುರಿದಂತೆ ಕೇಳಿಸಿತು. ರಕ್ತದ ಜೊತೆ ಅಂಗಳಕ್ಕೆ ಬಿದ್ದ ಹಲ್ಲನ್ನು ಕೋಳಿಯೊಂದು ಕುಕ್ಕಿ ನೋಡಿ ಬಿಟ್ಟುಹೋಯಿತು. ಸುದ್ದಿ ತಿಳಿದು ಬಂದ ಸೋದರಮಾವ ಅಪ್ಪನ ಕುತ್ತಿಗೆ ಹಿಡಿದು ಗೋಡೆಗೆ ಗುದ್ದಿ, "ಇವಳನ್ನ ನಾನೇ ಓದುಸ್ತೀನಿ, ತಡಿ ನೋಡನ" ಎಂದು ನನ್ನನ್ನು ಗಾಡಿ ಹತ್ತಿಸಿದ. ಬಾಯೂ ಮುಚ್ಚುವಂತೆ ನೆತ್ತಿಯಿಂದ ಗದ್ದಕ್ಕೆ ಬಟ್ಟೆ ಬಿಗಿದುಕೊಂಡು ನೀನು ಬಾಗಿಲಲ್ಲಿ ನಿಂತಿದ್ದೆ. ಆ ದವಡೆ ಸೊಟ್ಟಗೇ ಕೂಡಿಕೊಂಡಿತು. "ಓಗ್ಲಿ ಬುಡು, ಹಿಟ್ಟು ನುಂಗಕೆ ದವಡೆ ಯಾಕಮ್ಮಿ?" ಎಂದು ಮುದ್ದೆ ಮುರಿದು ನುಂಗುತ್ತಿದ್ದೆ. ಆ ತಮಾಷೆಗೆ ನಾನು ಯಾವತ್ತೂ ನಗಲಿಲ್ಲ.

ಮದುವೆಯಾಗಿ ಹಂಗಳಕ್ಕೆ ಬಂದ ದಿನವೇ ನಿರ್ಧರಿಸಿದ್ದೆ, ನನ್ನ ಹಲ್ಲನ್ನು ಯಾವ ಗಂಡಸೂ ನೋಡಕೂಡದು ಎಂದು. ಈ ಮನೆಯನ್ನು ಆಳಿದ್ದು ಬಿಗಿದ ತುಟಿಯಿಂದ. ನಿನ್ನ ಅಳಿಯ ಬದುಕಿರುವವರೆಗೂ ನನ್ನ ಹುಬ್ಬು ನೋಡಿಕೊಂಡೇ ಒಳಗೆ ಕಾಲಿಡುತ್ತಿದ್ದರು. ಸೊಕ್ಕಿನವಳು ಎನ್ನುತ್ತಾರೆ. ಎನ್ನಲಿ.

ಹೋದ ಶ್ರಾವಣದಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಮಗ ಮಹದೇವ, ಸೊಸೆ ಮಂಜುಳಾ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುವ ಕಿರಿಮಗಳು ಶಶಿ, ನಾನು. ಮೆಟ್ಟಿಲ ಮೇಲೆ ಒಂದು ಹೆಣ್ಣು ಕೋತಿ ಬಾಳೆಹಣ್ಣು ಸುಲಿಯುತ್ತಿತ್ತು. ದೊಡ್ಡ ಗಂಡು ಕೋತಿ ಬಂದದ್ದೇ ಇದು ಹಣ್ಣು ಬಿಟ್ಟು, ತುಟಿ ಎಳೆದು ಹಲ್ಲೆಲ್ಲ ತೋರಿಸಿತು. ಆದರೂ ಅದು ಹಾರಿ ಇದರ ಕಿವಿ ಹರಿದುಹಾಕಿತು. ಮೆಟ್ಟಿಲೆಲ್ಲ ರಕ್ತ.

"ನೋಡಮ್ಮಿ ಶಶಿ, ಕಚ್ಚುಸ್ಕೊಂಡೂ ನಗ್ತಾದೆ!" ಎಂದು ಮಹದೇವ ಚಪ್ಪಾಳೆ ತಟ್ಟಿದ.

"ಅದು ನಗು ಅಲ್ಲ ಕಣಣ್ಣ, ಭಯ. ನಾನು ನಿನಗಿಂತ ಚಿಕ್ಕೋಳು, ಕಚ್ಬ್ಯಾಡ ಅಂತ ಬೇಡ್ಕೊಳ್ಳೋದು" ಎಂದಳು ಶಶಿ.

ನನ್ನ ಕೈಲಿದ್ದ ಹೂವಿನ ತಟ್ಟೆ ಅಲ್ಲೇ...

ಗುಂಡ್ಲುಪೇಟೆಯ ಬಸ್ಸಿನಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ. ಅವಳು ನನ್ನ ಕೆನ್ನೆಯ ಮೇಲೆ ಬೆರಳಿಟ್ಟು, ತುಟಿಯ ತುದಿ ಎಳೆಯುವ ಸ್ನಾಯು ಕೋತಿಗೂ ನಮಗೂ ಒಂದೇ ಎಂದಳು. ದೊಡ್ಡ ವಾನರಗಳ ಕಚ್ಚುವ ಸ್ನಾಯು ನೆತ್ತಿಯವರೆಗೂ ಹಬ್ಬುತ್ತದಂತೆ; ಅದಕ್ಕೆ ಹಿಡಿತ ಕೊಡಲು ಬುರುಡೆಯ ಮೇಲೆ ಮೂಳೆಯ ಏಣು ಎದ್ದಿರುತ್ತದಂತೆ. ಮನುಷ್ಯರು ಬೇಯಿಸಿ ತಿನ್ನತೊಡಗಿ ದವಡೆ ಸಣ್ಣದಾಯಿತು, ಬುರುಡೆ ದುಂಡಗಾಯಿತು. ತುಟಿ ಎಳೆಯುವುದು ಮಾತ್ರ ಉಳಿಯಿತು. ನಮ್ಮ ಮುಗುಳ್ನಗು ಆ ಹೆದರಿದ ಹಲ್ಲಿನಿಂದಲೇ ಬಂದಿರಬಹುದಂತೆ.

"ನಾವೇನು ಕೋತಿ ವಂಶವೇನೇ? ನಮ್ಮ ಮನೆತನ ಯಾವುದು ಗೊತ್ತಾ?" ಎಂದೆ.

"ಕೋತಿ ನಮ್ಮಜ್ಜಿ ಅಲ್ಲ ಕಣವ್ವ, ದಾಯಾದಿ."

"ದಾಯಾದಿ ಅಂದ ಮೇಲೆ ಕಚ್ಚಾಟ ಇದ್ದದ್ದೇ ಬುಡು."

ಹಾಗೆಂದೆ, ಆದರೆ ಮನಸ್ಸು ನಿನ್ನ ಹತ್ತಿರವೇ ಇತ್ತು. ನಮ್ಮ ಮಾತಿಗೆ ಇದು ಮೊದಲೇ ಗೊತ್ತಿರಲಿಲ್ಲವೇ ಅವ್ವಾ? ಸಾಹುಕಾರನ ಮುಂದೆ ಕೈಮುಗಿದವನು ಹಲ್ಲು ಗಿಂಜುತ್ತಾನೆ ಅನ್ನುತ್ತೇವೆ, ನಗುತ್ತಾನೆ ಅನ್ನುವುದಿಲ್ಲ. ನೀನು ಹಲ್ಲು ಗಿಂಜಿದರೆ ಮಾತ್ರ ಊರಿಗೆ ಅದು ಹಲ್ಲು ಕಿಸಿದಂತೆ ಯಾಕೆ ಕಂಡಿತು?

ಹೋದ ವಾರ ಕರು ಹಗ್ಗ ಬಿಚ್ಚಿಕೊಂಡು ಹಾಲನ್ನೆಲ್ಲ ಕುಡಿದುಬಿಟ್ಟಿತ್ತು. ಮಹದೇವ ಮಂಜುಳೆಯ ಜಡೆ ಹಿಡಿದು ಅಡುಗೆಮನೆಗೆ ಎಳೆದುತಂದು ಕೆನ್ನೆಗೆ ಹೊಡೆದ. ಅವಳ ಹಲ್ಲು ಕಂಡಿತು. "ಹಲ್ ಕಿಸೀತೀಯಾ?" ಎಂದ. ಅವನು ನಿನ್ನ ಗಂಡನ ಮುಖ ಕಂಡವನೇ ಅಲ್ಲ. ಆ ಮಾತು ಯಾವ ದಾರಿಯಲ್ಲಿ ಬಂತು?

ನನ್ನ ಕೈಯಲ್ಲಿ ಹಿಟ್ಟು ತಿರುವುವ ಕೋಲಿತ್ತು. ಅವನ ಬಾಯಿಗೇ ಬೀಸಿದೆ. ತುಟಿ ಸೀಳಿ, ಬಿಸಿ ಹಿಟ್ಟೂ ರಕ್ತವೂ ಗದ್ದದ ಮೇಲೆ ಇಳಿದವು. ಮತ್ತೆ ಎತ್ತಿದೆ. ಆಗ, ಅವ್ವಾ, ನನ್ನ ಮಗನ ತುಟಿ ಹಿಂದಕ್ಕೆ ಸರಿಯಿತು. ಮೀಸೆಯ ಕೆಳಗೆ ನಿನ್ನದೇ ಮುಖ.

"ಯಾಕ್ಲಾ, ಹಲ್ ಕಿಸೀತೀಯಾ?"

"ನಗ್ನಿಲ್ಲ ಕಣವ್ವ! ನಾ ನಗ್ನಿಲ್ಲ!"

ಕೋಲು ಮೇಲೇ ನಿಂತಿತು. ಇಳಿಸಿದ್ದರೆ ನಾನು ಯಾರಾಗುತ್ತಿದ್ದೆ? ಗೋಡೆಯ ಕನ್ನಡಿ ಕಿತ್ತು ಅವನ ಮುಖದ ಮುಂದೆ ಹಿಡಿದೆ. "ನೋಡ್ಕೊ. ಇವ್ಳೂ ನಗ್ನಿಲ್ಲ. ನಿಮ್ಮಜ್ಜೀನೂ ನಗ್ನಿಲ್ಲ. ಇನ್ನೊಂದ್ ಸಲ ಕೈ ಎತ್ತುದ್ರೆ ಈ ಮನೆ ಅವಳದು, ಬೀದಿ ನಿಂದು." ಅವನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಹಲ್ಲು ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು.

ಬಸ್ಸಿನಲ್ಲಿ ಶಶಿ ಇನ್ನೊಂದು ಮಾತೂ ಹೇಳಿದ್ದಳು. ನಿಜವಾಗಿ ನಕ್ಕಾಗ ತುಟಿಯ ಜೊತೆ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದಂತೆ. ಸೋದರಮಾವನ ಗಾಡಿ ಹೊರಟಾಗ, ಕಟ್ಟಿದ ಬಟ್ಟೆಯ ಮೇಲೆ ನಿನ್ನ ಕಣ್ಣು ಕಿರಿದಾಗಿ, ಅಂಚಿನಲ್ಲಿ ಸುಕ್ಕು ಮೂಡಿತ್ತು. ಇಷ್ಟು ವರ್ಷ ಅದು ನೋವಿಗೆಂದೇ ತಿಳಿದಿದ್ದೆ.

ಬರುವ ಸೋಮವಾರ ಮಹದೇವನನ್ನೂ ಮಂಜುಳೆಯನ್ನೂ ಕರೆದುಕೊಂಡು ಉಮ್ಮತ್ತೂರಿಗೆ ಬರುತ್ತೇನೆ. ನಿನ್ನ ಬಳಿಗೆ ಬರುವ ಮೊದಲು ಅದೇ ಜಗಲಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ: ನಂಜಮ್ಮ ನಿಮ್ಮೆದುರು ನಕ್ಕಿದ್ದು ಒಂದೇ ಸಲ, ಮಗಳು ಹೈಸ್ಕೂಲಿಗೆ ಹೊರಟ ದಿನ. ಆವತ್ತು ಅವಳ ಹಲ್ಲು ನಿಮ್ಮಲ್ಲಿ ಯಾರಿಗೂ ಕಾಣಲಿಲ್ಲ.