ಪಿಯುಸಿ ಅಂತ ಹೇಳು

ಫೆಬ್ರವರಿ 12, ಬುಧವಾರ

ಟ್ಯೂಷನ್ ಮುಗಿಯಿತು. ಅದೇ ಮಕ್ಕಳು, ಅದೇ ಭಿನ್ನರಾಶಿ. ಮಗನನ್ನು ಕರೆದೊಯ್ಯಲು ಬಂದ ಒಬ್ಬ ತಾಯಿ ಕೇಳಿದಳು, "ಇಂಜಿನಿಯರಿಂಗ್ ಮಾಡಿ ಟ್ಯೂಷನ್ ಹೇಳತೀರಿ?" ನಕ್ಕೆ. ಮತ್ತೇನು, ಹೊಡೆಯಲೇ?

ಸಿವಿಲ್ ಮುಗಿಸಿ ಎರಡು ವರ್ಷ. ಇವತ್ತು ಕೊನೆಗೂ ಒಂದು ಫೋನ್. ಕೊರ್ಲಹಳ್ಳಿ ಹತ್ತಿರ ಕಾಲುವೆಗೆ ಸಣ್ಣ ಸೇತುವೆ, ಸೈಟ್ ಇಂಜಿನಿಯರ್ ಬೇಕಂತೆ. 24ಕ್ಕೆ ಸೇರಬೇಕು. ಪಗಾರ ಕೇಳಿ ಅವ್ವ ಅಂದಳು, "ಗ್ವಾಡಿ ಕಟ್ಟೊ ಗೌಂಡಿಗೆ ಇದಕ್ಕಿಂತ ಹೆಚ್ಚ ಸಿಗತೈತಿ." ಖರೆ. ಆದರೂ ಹೋಗುತ್ತೇನೆ.

ಫೆಬ್ರವರಿ 14

ಅವ್ವನ ತಮ್ಮ ಸುಭಾಸ ಮಾಮಾ ಬಂದಿದ್ದ. ಭಾನುವಾರ ಶಿರಹಟ್ಟಿಯವರು ನನ್ನನ್ನು ನೋಡಲು ಬರುತ್ತಾರಂತೆ. ಹುಡುಗ ವೀರೇಶ, ಡಿಪ್ಲೊಮಾ, ಪೈಪಿನ ಅಂಗಡಿ.

"ಹುಡುಗನಕಿಂತ ಹುಡುಗಿ ಹೆಚ್ಚ ಓದಿದ್ರ ಅವರು ಒಲ್ಲೆ ಅಂತಾರ. ನಾ ಪಿಯುಸಿ ಅಂತ ಹೇಳೇನಿ. ನೀನೂ ಹಂಗ ಹೇಳ ಅಂಕಿತಾ."

ನಾಲ್ಕು ವರ್ಷ! ಗದಗದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದದ್ದು. ಬಿಸಿಲಲ್ಲಿ ಸರ್ವೆ ಕ್ಯಾಂಪ್ — ಮೂಗಿನ ತೊಗಲು ಸುಲಿದಿತ್ತು. ಗಣಿತ ಬಾಕಿ ಉಳಿದು ಮತ್ತೆ ಬರೆದದ್ದು. ಎಲ್ಲವನ್ನೂ ಮಾಮಾ ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಅಳಿಸಿಬಿಟ್ಟ.

ಅಪ್ಪ ತಲೆ ಎತ್ತಲಿಲ್ಲ. "ಮಾಮಾ ಹೇಳಿದಂಗ ಮಾಡವಾ" ಅಂದ. ಸಿಟ್ಟಿಗಿಂತ ಅಳು ಬಂತು. ನನಗೆ ಸೀಟು ಸಿಕ್ಕ ದಿನ ಓಣಿಗೆಲ್ಲ ಪೇಡೆ ಹಂಚಿದವನು ಇವನೇ.

ಫೆಬ್ರವರಿ 16, ಸಂಜೆ

ಆಯಿತು. ಮಣೆಯ ಮೇಲೆ ಕೂರಿಸಿದರು. ಹೆಸರು ಕೇಳಿದರು. ಅಪ್ಪನ ಹೆಸರು ಕೇಳಿದರು. ಆಮೇಲೆ ಹುಡುಗನ ತಾಯಿ — "ಏನ್ ಓದೀಯವಾ?"

ಮಾಮಾ ಕೆಮ್ಮಿದ.

"ಬಿಇ ಸಿವಿಲ್‌ರಿ. ಇಪ್ಪತ್ನಾಕಕ್ಕ ಕೆಲಸಕ್ಕ ಸೇರತೀನಿ."

ರವೆಯ ಶಿರಾದ ತಾಟು ಯಾರೂ ಮುಟ್ಟಲಿಲ್ಲ. ಎದ್ದು ಹೋದರು. ಮಾಮಾನ ಮುಖ ನೋಡಬೇಕಿತ್ತು... ಅವ್ವ ಅಡುಗೆಮನೆಯಲ್ಲಿ ಕೂತು ಅತ್ತಳು. ಆ ಶಿರಾ ನಾನೇ ತಿಂದೆ. ಎರಡು ತಾಟು.

ಫೆಬ್ರವರಿ 20

ಶಿರಹಟ್ಟಿಯವರಿಗೆ ಒಪ್ಪಿಗೆಯಂತೆ! ಹುಡುಗಿ ಚೆಂದ, ಮನೆತನ ಚೆಂದ. ಆದರೆ ನೌಕರಿ ಬೇಡ. ಮತ್ತೆ ನಿಶ್ಚಯದ ದಿನ ಬಂಧುಬಳಗದ ಮುಂದೆ ಪಿಯುಸಿ ಅನ್ನಬೇಕು.

ಅವ್ವನ ಕಾಲು ನೆಲದ ಮೇಲಿಲ್ಲ. "ಒಂದ್ ಮಾತ್ ಅಂದ್ರ ನಿನ್ನ ಗಂಟೇನ್ ಹೋಗತೈತಿ?"

ಹೋಗುತ್ತದೆ. ಒಂದು ಸಲ ಅಂದರೆ ಮದುವೆಯಲ್ಲಿ ಅನ್ನಬೇಕು, ಬಸುರಿಯಾದಾಗ ಕುಬಸದಲ್ಲಿ ಅನ್ನಬೇಕು, ಹುಟ್ಟಿದ ಮಕ್ಕಳ ಮುಂದೆಯೂ ಅನ್ನಬೇಕು.

ಸಂಜೆ ವೀರೇಶನ ಫೋನ್. ಮೆತ್ತಗಿನ ದನಿ. ಕೆಟ್ಟವನಲ್ಲ.

"ನನಗೇನ್ ಅಡ್ಡಿ ಇಲ್ರಿ. ಮಂದಿ ನಗತಾರ, ಅಷ್ಟ."

"ಹಂಗಾರ ನೀವೂ ಡಿಪ್ಲೊಮಾ ಬಿಟ್ಟು ಎಸ್ಸೆಸ್ಸೆಲ್ಸಿ ಅಂತ ಹೇಳ್ರಿ, ನೋಡೋಣು."

"ಅದ್ಹೆಂಗ್ರಿ? ಮೂರ್ ವರ್ಷ ಓದೇನಿ."

"ನಾ ನಾಕ್ ವರ್ಷ" ಅಂದೆ. ಫೋನ್ ಇಟ್ಟೆ.

ಫೆಬ್ರವರಿ 24, ಮಧ್ಯಾಹ್ನ. ಸೈಟ್

ಸಂಬಂಧ ಬೇಡ ಅಂದದ್ದಕ್ಕೆ ಅವ್ವ ಮಾತು ಬಿಟ್ಟಿದ್ದಾಳೆ. ಬುತ್ತಿ ಮಾತ್ರ ಕಟ್ಟಿದ್ದಳು. ಅಪ್ಪ ಬಸ್‌ಸ್ಟ್ಯಾಂಡಿಗೂ ಬರಲಿಲ್ಲ. ಬರದಿದ್ದರೆ ಬಿಡಲಿ.

ಹೆಲ್ಮೆಟ್ ದೊಡ್ಡದು, ಕಣ್ಣಿನ ಮೇಲೆ ಇಳಿಯುತ್ತದೆ. ಗುತ್ತಿಗೆದಾರ ಕೇಳಿದ, "ಬಿಸಲ ತಡೀತೀಯೇನವಾ?" ಟೇಪ್ ತೆಗೆದು ಸರಳುಗಳ ಅಂತರ ಅಳೆಯತೊಡಗಿದೆ.

ಇಂಜಿನಿಯರಿಂಗ್ ಓದಿದ್ದು ಲಾಭವೋ ಲುಕ್ಸಾನೋ ಇನ್ನೂ ಗೊತ್ತಿಲ್ಲ. ಲುಕ್ಸಾನಾದರೂ ನನ್ನದು. ಮುಚ್ಚಿಡುವುದಿಲ್ಲ.

ಊಟ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಬುಟ್ಟಿ ಹೊರುವ ಶಮಶಾದಬಿ ಬಂದು ಪಕ್ಕದಲ್ಲಿ ಕೂತಳು. "ಏನ್ ಓದೀರಿ ಅಕ್ಕಾರ?"

ಅದೇ ಪ್ರಶ್ನೆ. ಹೇಳಿದೆ. ಅಷ್ಟರಲ್ಲಿ ಕಾಂಕ್ರೀಟ್ ಮಿಕ್ಸರ್ ಶುರುವಾಯಿತು, ಅವಳಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ ಮತ್ತೆ ಕೇಳುತ್ತಿದ್ದಾಳೆ. ತಡಿ, ಎದ್ದು ನಿಂತು, ಇಡೀ ಕಾಲುವೆಗೆ ಕೇಳುವ ಹಾಗೆ —