ಮ್ಮಾ ತೆಬೋಗೊ ಕೇಳದ ಪದಗಳು

ಬಾಕ್ಸ್ ಹಿಲ್, ಮೆಲ್ಬರ್ನ್
ಮಂಗಳವಾರ, ೧೬ ಅಕ್ಟೋಬರ್ ೨೦೦೭

ಪ್ರೀತಿಯ ಅಕ್ಕಾ,

ಮೊಣಕಾಲು ನೋವು ಹೇಗಿದೆ? ಮಹಡಿಯ ಮೇಲಿನ ತರಗತಿ ಬೇಡವೆಂದು ಹೆಡ್‌ಮಾಸ್ತರರಿಗೆ ಬರೆದುಕೊಡು ಎಂದಿದ್ದೆ. ನೀನು ಬರೆದುಕೊಟ್ಟಿರುವುದಿಲ್ಲ, ನನಗೆ ಗೊತ್ತು. ಮಾಮಾ ಬೆಳಗಿನ ವಾಕಿಂಗ್ ಬಿಟ್ಟಿದ್ದಾರೋ, ಇಲ್ಲವೇ ವಾಕಿಂಗ್ ಹೆಸರಿನಲ್ಲಿ ಇನ್ನೂ ಮಿರ್ಚಿ ಅಂಗಡಿಯವರೆಗೆ ಹೋಗಿಬರುತ್ತಿದ್ದಾರೋ? ಇಲ್ಲಿ ನಾನು, ಶ್ರೀನಾಥ್ ಇಬ್ಬರೂ ಆರಾಮವಾಗಿದ್ದೇವೆ. ಚಳಿಗಾಲ ಮುಗಿದಿದೆ, ಆದರೂ ಮೆಲ್ಬರ್ನಿನ ಹವೆಯನ್ನು ನಂಬಿ ಸ್ವೆಟರ್ ತೊಳೆದು ಒಳಗಿಡುವ ಹಾಗಿಲ್ಲ.

ವಾರಕ್ಕೊಮ್ಮೆ ಫೋನ್ ಮಾಡುವವಳು ಪತ್ರ ಯಾಕೆ ಬರೆದಳೆಂದು ನೀನು ಕನ್ನಡಕ ಹುಡುಕುವ ಮೊದಲೇ ಗಾಬರಿಯಾಗಿರುತ್ತೀ. ಯಾರಿಗೂ ಏನೂ ಆಗಿಲ್ಲ. ನಾನೊಂದು ತಪ್ಪು ಮಾಡಿದ್ದೇನೆ, ಅಷ್ಟೇ. ಅಷ್ಟೇ ಎಂದು ಬರೆದದ್ದೂ ಸುಳ್ಳು. ಫೋನಿನಲ್ಲಿ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಆ ಹೊತ್ತಿಗೆ ಸರಿಯಾಗಿ ನೀನು ಪಕ್ಕದಲ್ಲಿ ಯಾರಿಗೋ "ನಮ್ಮ ಆರತಿ ಕಂಪ್ಯೂಟರಿಗೆ ಆಫ್ರಿಕಾದ ಭಾಷಾ ಕಲಸಾಕತ್ತಾಳ" ಎಂದು ಹೇಳುವುದು ಕೇಳಿಸಿತು. ಬಾಯಿ ಮುಚ್ಚಿಕೊಂಡೆ.

ನನ್ನ ಕೆಲಸವೇನೆಂದು ನಿನಗೆ ಒಮ್ಮೆಯೂ ಬಿಡಿಸಿ ಹೇಳಿಲ್ಲ. ಬೋಟ್ಸ್ವಾನಾ ದೇಶದವರು ಆಡುವ ಭಾಷೆ ಸೆತ್ಸ್ವಾನಾ. ಅದರಲ್ಲಿ ಪದದ ಯಾವ ಭಾಗವನ್ನು ದನಿ ಏರಿಸಿ ಹೇಳಬೇಕು, ಯಾವುದನ್ನು ಇಳಿಸಿ ಹೇಳಬೇಕು ಎಂಬುದು ಆಡುವವರ ಕಿವಿಯಲ್ಲಿರುತ್ತದೆಯೇ ಹೊರತು ಬರಹದಲ್ಲಿ ಇರುವುದಿಲ್ಲ. ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದಬೇಕಾದರೆ ಬಲ್ಲವರೊಬ್ಬರು ಒಂದೊಂದು ಪದದ ಏರಿಳಿತವನ್ನೂ ಹೇಳಿಕೊಡಬೇಕು. ನನಗೆ ಹೇಳಿಕೊಟ್ಟವರು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಮಗನ ಜೊತೆಗಿರುವ ಒಬ್ಬ ಅಜ್ಜಿ. ನಿನ್ನಂತೆಯೇ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ಅವರಲ್ಲಿ ಹೆಂಗಸನ್ನು ಚೊಚ್ಚಲ ಮಗುವಿನ ಹೆಸರು ಹಿಡಿದು ಕರೆಯುವ ರೂಢಿಯಿದೆ. ಹಾಗಾಗಿ ಎಲ್ಲರಿಗೂ ಅವರು ಮ್ಮಾ ತೆಬೋಗೊ, ಅಂದರೆ ತೆಬೋಗೊನ ತಾಯಿ. ನಾನು ತಿಂಗಳಿಗೊಮ್ಮೆ ಸಿಡ್ನಿಗೆ ಹೋಗಿ ಅವರ ಅಡುಗೆಮನೆಯ ಮೇಜಿನ ಮೇಲೆ ಮೈಕ್ ಇಟ್ಟುಕೊಂಡು ಕೂರುತ್ತಿದ್ದೆ. ಅವರು ಒಂದು ಪದವನ್ನು ಮೂರು ಸಲ ಹೇಳುವರು. ನಾನು ಗುರುತು ಹಾಕಿ ತಿರುಗಿ ಹೇಳುವೆ. ತಪ್ಪಿದರೆ ಚಮಚದಿಂದ ಮೇಜು ಕುಟ್ಟುವರು, ಒಪ್ಪಿದರೆ ಪಟ್ಟಿಯ ಕೊನೆಯ ಮನೆಯಲ್ಲಿ ಅವರ ಹೆಸರಿನ ಎರಡಕ್ಷರ ಹಾಕುವೆ. ಆ ಎರಡಕ್ಷರವಿದ್ದರೆ ಮಾತ್ರ ಪದ ಪಕ್ಕಾ ಎಂದು ಲೆಕ್ಕ. ಅವರ ಊರಿನಲ್ಲಿಯೂ ಜೋಳವೇ ಊಟವಂತೆ ಅಕ್ಕಾ! ಒಮ್ಮೆ ಇಲ್ಲಿನ ವೆರಿಬೀ ಬಡಾವಣೆಯ ಅಂಗಡಿಯಿಂದ ಜೋಳದ ಹಿಟ್ಟು ಒಯ್ದುಕೊಟ್ಟೆ. ಅವರು ಗಂಜಿ ಕಾಸಿದರು, ಉಳಿದ ಹಿಟ್ಟಿನಲ್ಲಿ ನಾನು ರೊಟ್ಟಿ ಬಡಿದೆ. ನನ್ನ ರೊಟ್ಟಿಯ ಆಕಾರ ನೋಡಿ ನೀನಾಗಿದ್ದರೆ ನಗುತ್ತಿದ್ದೆ, ಅವರು ಮೂರು ತಿಂದರು.

ಏಪ್ರಿಲ್‌ನಲ್ಲಿ ಅವರಿಗೆ ಪಿತ್ತಕೋಶದ ಆಪರೇಷನ್ ಆಯಿತು. ಆಗಿನ್ನೂ ಆರುನೂರ ನಲವತ್ತು ಪದಗಳು ಬಾಕಿ ಇದ್ದವು. ಜೂನ್ ಕೊನೆಗೆ ವರದಿ ಕೊಡಬೇಕಿತ್ತು. ಅವರು ಚೇತರಿಸಿಕೊಳ್ಳಲಿ, ಎರಡು ತಿಂಗಳು ಕೊಡಿ ಎಂದು ಕೇಳಿದ್ದರೆ ನಮ್ಮ ಪ್ರೊಫೆಸರ್ ಬೇಡವೆನ್ನುತ್ತಿರಲಿಲ್ಲ. ನಾನು ಕೇಳಲಿಲ್ಲ. ಹಿಂದಿನ ಪದಗಳನ್ನು ನೋಡಿ ಹೊಸ ಪದದ ಏರಿಳಿತವನ್ನು ಊಹಿಸುವ ಪ್ರೋಗ್ರಾಮ್ ಒಂದನ್ನು ಮೊದಲೇ ಬರೆದಿದ್ದೆ, ಅದರ ಕೈಲೇ ಅಷ್ಟನ್ನೂ ತುಂಬಿಸಿದೆ. ಆಮೇಲೆ ಕೊನೆಯ ಮನೆಯಲ್ಲಿ ಮ್ಮಾ ತೆಬೋಗೊ ಅವರ ಎರಡಕ್ಷರವನ್ನು ಮೇಲಿನಿಂದ ಕೆಳಗಿನವರೆಗೆ ಎಳೆದುಬಿಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ. ಪರೀಕ್ಷೆಗೆ ಕೂತ ಹುಡುಗನೇ ತನ್ನ ಉತ್ತರಪತ್ರಿಕೆ ತಿದ್ದಿ ಮಾಸ್ತರರ ಸಹಿ ಹಾಕಿಕೊಂಡ ಹಾಗೆ. ಪಾಸಾಗದೆ ಏನು? ಎಲ್ಲರೂ ಹೊಗಳಿದರು. ಆ ಪದಗಳನ್ನು ಮಾತಾಡಿ ತೋರಿಸುವ ಒಂದು ಸಿಡಿ ಮಾಡಿ ಸಿಡ್ನಿಯ ಬೋಟ್ಸ್ವಾನಾ ಮನೆಗಳ ಮಕ್ಕಳಿಗೆ ಹಂಚಿದರು. ಅದರ ಮೇಲೆ ಮ್ಮಾ ತೆಬೋಗೊ ಅವರ ಫೋಟೋ, ಕೆಳಗೆ "ಪ್ರತಿ ಪದವನ್ನೂ ಕೇಳಿ ಒಪ್ಪಿದವರು" ಎಂಬ ಸಾಲು.

೨೦೦೧ರ ಜನಗಣತಿ ನೆನಪಿದೆಯಾ? ನೀನು ಬಿಸಿಲಿನಲ್ಲಿ ಬೀಗ ಹಾಕಿದ ಮನೆಗೂ ಮೂರು ಮೂರು ಸಲ ಹೋಗಿಬರುತ್ತಿದ್ದೆ. ಶಿವಲಿಂಗಪ್ಪ ಮಾಸ್ತರರು ಕಟ್ಟೆಯ ಮೇಲೆ ಕೂತು, ಚಹಾ ಕುಡಿಯುತ್ತ ಇಡೀ ಓಣಿಯ ಫಾರಂ ತುಂಬಿದರು. ಎರಡು ವರ್ಷದ ಹಿಂದೆ ತೀರಿಕೊಂಡಿದ್ದ ದ್ಯಾಮವ್ವನೂ ಅದರಲ್ಲಿದ್ದಳು. "ಸತ್ತಾಕಿನ್ನೂ ಎಬ್ಬಿಸಿ ಕೂಡಿಸ್ಯಾರ ನೋಡು" ಎಂದು ನೀನು ಹೇಳಿದಾಗ ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. ಈಗ ನಾನು ಮಾಡಿದ್ದು ಅದಕ್ಕಿಂತ ಕೀಳು. ಮಾಸ್ತರರ ತಪ್ಪಿನಿಂದ ದ್ಯಾಮವ್ವನಿಗೆ ನೋವಾಗಲಿಲ್ಲ.

ಹೋದ ತಿಂಗಳು ಕ್ವೇಕರ್ಸ್ ಹಿಲ್‌ಗೆ ಸುಮ್ಮನೆ ನೋಡಿಬರಲು ಹೋಗಿದ್ದೆ. ತೆಬೋಗೊನ ಮಗಳು ನಲೆದಿಗೆ ಒಂಬತ್ತು ವರ್ಷ. ಅಜ್ಜಿ ಸೆತ್ಸ್ವಾನಾದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿಯೇ ಉತ್ತರ. ಆ ದಿನ ಅಜ್ಜಿ ಏನೋ ಹೇಳಿದರು, ಹುಡುಗಿ ಅದರ ಏರಿಳಿತ ತಿದ್ದಿದಳು. ಅಜ್ಜಿ ಇನ್ನೊಂದು ಹೇಳಿದರು, ಅದನ್ನೂ ತಿದ್ದಿದಳು. ಮಗುವಿನದು ಜಗಳವಲ್ಲ, ಪಾಪ. ಸಿಡಿಯ ಡಬ್ಬಿ ತಂದು ತೋರಿಸಿ, "ನ್ಕುಕು, ನೀನೇ ಹೀಗೆ ಹೇಳಿದ್ದೀಯಲ್ಲ" ಅಂದಳು. ನ್ಕುಕು ಅಂದರೆ ಅಜ್ಜಿ. ಮ್ಮಾ ತೆಬೋಗೊ ತಮ್ಮದೇ ಫೋಟೋವನ್ನು ಸ್ವಲ್ಪ ಹೊತ್ತು ನೋಡಿದರು. ನಂತರ ನನ್ನ ಕಡೆ ತಿರುಗಿ, "ಆರತಿ, ನಾನು ನಿಜವಾಗಿಯೂ ಹಾಗೆ ಹೇಳಿದ್ದೆನೇ?" ಎಂದು ಕೇಳಿದರು.

ನಾನು "ಹೌದು ಮ್ಮಾ" ಅಂದೆ.

ಅಕ್ಕಾ, ಸಹಿ ಎಳೆದದ್ದಕ್ಕೆ ಅವಸರವಿತ್ತು ಅನ್ನಬಹುದು. ಇದಕ್ಕೇನು ಹೇಳಲಿ? ಸಾಲದ್ದಕ್ಕೆ "ಆಗ ನಿಮಗೆ ಹುಷಾರಿರಲಿಲ್ಲ" ಎಂದೂ ಸೇರಿಸಿದೆ. ಅವರು ನಕ್ಕು ಚಹಾ ಸೋಸಿದರು, ಬಿಸ್ಕತ್ತು ಕೊಟ್ಟರು. ನಾನು ತಿಂದೂ ಬಂದೆ.

ಮೊನ್ನೆ ತೆಬೋಗೊ ಫೋನ್ ಮಾಡಿದ್ದ. ಅಂದಿನಿಂದ ಮ್ಮಾ ಮೊಮ್ಮಗಳ ಜೊತೆ ಸೆತ್ಸ್ವಾನಾ ಮಾತಾಡುವುದನ್ನೇ ಬಿಟ್ಟಿದ್ದಾರಂತೆ. ಆಪರೇಷನ್ನಿನಲ್ಲಿ ಪ್ರಜ್ಞೆ ತಪ್ಪಿಸಲು ಕೊಟ್ಟ ಔಷಧಿಯಿಂದ ತಮ್ಮ ಭಾಷೆ ಮರೆತುಹೋಗುತ್ತಿದೆ, ಮಗುವಿಗೆ ತಪ್ಪು ಕಲಿಸಬಾರದು ಅನ್ನುತ್ತಾರಂತೆ. ಒಬ್ಬರೇ ಕೂತು ಪದಗಳನ್ನು ಪಿಸುಗುಟ್ಟಿಕೊಳ್ಳುತ್ತಾರಂತೆ. ಗುರುವಾರ ನೆನಪಿನ ಪರೀಕ್ಷೆಗೆ ಡಾಕ್ಟರ ಹತ್ತಿರ ಬುಕ್ ಮಾಡಿದ್ದಾನೆ. ನಾನು "ಅಯ್ಯೋ ಹೌದಾ" ಅಂದು ಫೋನ್ ಇಟ್ಟೆ.

ಶ್ರೀನಾಥ್‌ಗೆ ಎಲ್ಲ ಹೇಳಿದೆ. "ನೈಂಟಿ ಪರ್ಸೆಂಟ್ ಕರೆಕ್ಟ್ ಇದೆ ತಾನೇ? ಯಾಕೆ ಟೆನ್ಶನ್ ತಗೋತೀಯಾ? ಪಿಆರ್ ಬರ್ಲಿ, ಆಮೇಲೆ ಸೈಲೆಂಟಾಗಿ ಸರಿ ಮಾಡು" ಅಂದ. ಪಿಆರ್ ಅಂದರೆ ಇಲ್ಲಿ ಕಾಯಂ ನೆಲೆಸುವ ಅನುಮತಿ. ಅವನನ್ನು ಬೈಯಬೇಡ, ಅವನು ಹೇಳುವುದರಲ್ಲಿಯೂ ಸತ್ಯವಿದೆ. ಈಗ ಬಾಯಿ ಬಿಟ್ಟರೆ ಡಾಕ್ಟರೇಟ್ ಹೋದೀತು, ಅದರ ಹಿಂದೆ ವೀಸಾ, ಅದರ ಹಿಂದೆ ನಾವಿಬ್ಬರೂ. ಹಾಗಾಗಿ ನಾನು ಒಂದು ದಾರಿ ಕಂಡುಕೊಂಡಿದ್ದೇನೆ: ಗುರುವಾರ ಡಾಕ್ಟರು "ನಿಮಗೇನೂ ಆಗಿಲ್ಲ" ಅನ್ನುತ್ತಾರೆ, ಮ್ಮಾ ನೆಮ್ಮದಿಯಾಗುತ್ತಾರೆ, ನಾನು ಹೇಳುವ ಅಗತ್ಯವೇ ಬೀಳುವುದಿಲ್ಲ. ಮೂರು ದಿನದಿಂದ ದೇವರ ಮುಂದೆ ಇದನ್ನೇ ಬೇಡುತ್ತಿದ್ದೇನೆ. ನಾನು ಎಲ್ಲಿಗಿಳಿದಿದ್ದೇನೆ ನೋಡು. ನಾಚಿಕೆಯಿಂದ ಮುಖ ತೊಳೆಯುವಾಗಲೂ ಕನ್ನಡಿ ನೋಡುತ್ತಿಲ್ಲ.

ಈ ಪತ್ರ ಕೈಸೇರುವ ಹೊತ್ತಿಗೆ ದಸರೆ ಮುಗಿದಿರುತ್ತದೆ. ತಡವಾದರೂ ನನ್ನ ಪಾಲಿನ ಬನ್ನಿಯನ್ನು ಮಾಮಾಗೆ ನೀನೇ ಕೊಟ್ಟು ಕಾಲಿಗೆ ಬೀಳು, ಪುಟ್ಟ ಸಂಯುಕ್ತಾಳ ಕೆನ್ನೆ ಹಿಂಡು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ. ಈ ಪತ್ರವನ್ನು ಯಾರಿಗೂ ಓದಿ ಹೇಳಬೇಡ.

ನಿನ್ನ ತಂಗಿ,
ಆರತಿ

ಇನ್ನೊಂದು ಮಾತು, ಗುರುವಾರ ಸಂಜೆ: ಪತ್ರ ಇನ್ನೂ ಮೇಜಿನ ಮೇಲೇ ಇತ್ತು. ಈಗಷ್ಟೇ ತೆಬೋಗೊ ಫೋನ್ ಮಾಡಿದ. ಡಾಕ್ಟರು ವಾರ, ತಾರೀಖು, ನೂರರಿಂದ ಹಿಂದಕ್ಕೆ ಎಣಿಕೆ ಎಲ್ಲ ಕೇಳಿದರಂತೆ. ತಾಯಿಯ ನೆನಪು ಮಗನಿಗಿಂತ ಚೆನ್ನಾಗಿದೆ ಎಂದರಂತೆ. ಮ್ಮಾ ಮಾತ್ರ ಕಾರಿನಲ್ಲಿ ಅತ್ತರಂತೆ. "ಆ ಡಾಕ್ಟರಿಗೆ ಸೆತ್ಸ್ವಾನಾ ಬರುತ್ತದೆಯೇ? ನನ್ನ ಮಾತು ಬರೆದಿಟ್ಟುಕೊಂಡವಳು ಆರತಿ. ಅವಳು ಹೇಳಿದರೆ ನಂಬುತ್ತೇನೆ" ಎಂದರಂತೆ. ತೆಬೋಗೊ ನಗುತ್ತಲೇ ಹೇಳಿದ. ನನಗೆ ತಡೆಯಲಾಗಲಿಲ್ಲ, ಅವರಿಗೆ ಫೋನ್ ಕೊಡು ಅಂದೆ. ಆ ಪದಗಳನ್ನು ನೀವು ಕೇಳಿಯೇ ಇಲ್ಲ ಮ್ಮಾ, ನಾನೇ ತುಂಬಿ ನಿಮ್ಮ ಹೆಸರು ಹಾಕಿದೆ, ನಿಮ್ಮೆದುರು ಸುಳ್ಳು ಹೇಳಿದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು "ಹಾಗಾದರೆ ನಾನು ಮರೆತಿಲ್ಲ?" ಅಂದರು. "ಇಲ್ಲ ಮ್ಮಾ" ಅಂದೆ. ನಾಳೆ ಹತ್ತು ಗಂಟೆಗೆ ಪ್ರೊಫೆಸರರನ್ನು ನೋಡುತ್ತೇನೆ, ಶ್ರೀನಾಥ್ ಮಾತು ಬಿಟ್ಟಿದ್ದಾನೆ. ಮ್ಮಾ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಕ್ಕಾ. ಅವರು ಫೋನನ್ನು ಹಾಗೇ ಮೇಜಿನ ಮೇಲಿಟ್ಟು, ನಗುತ್ತ, ನಲೆದಿಯನ್ನು ಸೆತ್ಸ್ವಾನಾದಲ್ಲಿ ಕೂಗಿ ಕರೆಯುತ್ತ ಒಳಗೆ ಹೋದರು. ಕ್ಷಮಿಸಿ ಅನ್ನಲು ನಾನು ಹಿಡಿದುಕೊಂಡೇ ಇದ್ದೆ. ಯಾರೂ ತಿರುಗಿ ಎತ್ತಲಿಲ್ಲ.