ಯೋಕನ್ ಡಬ್ಬಿಯ ಜೊತೆ ಬಂದಿದ್ದ ಕಾಗದ

ಮಾನ್ಯ ಕಾನೂನು ವಿಭಾಗದ ಮುಖ್ಯಸ್ಥರೇ,

ನನ್ನ ಗಂಡ ಕಾತ್ಸುಜಿ ನಿಮ್ಮ ಕಂಪನಿಗೆ ಬರೆದ ಧನ್ಯವಾದದ ಕಾಗದವನ್ನು ನೀವು ಅವರ ವಿರುದ್ಧವೇ ಮೊದಲ ಸಾಕ್ಷ್ಯವೆಂದು ಒಸಾಕಾದ ನ್ಯಾಯಾಲಯಕ್ಕೆ ಕೊಟ್ಟಿದ್ದೀರಿ. ನನ್ನ ದೂರು ಅದೇ. ಕೃತಿಸ್ವಾಮ್ಯದ ಕಲಮುಗಳು ನನಗೆ ತಿಳಿಯವು. ನಾನು ಸಕಾಯಿಯ ಪೇಟೆಬೀದಿಯಲ್ಲಿ ಕ್ಷೌರದಂಗಡಿ ನಡೆಸುವವಳು. ಆದರೆ ಕಾಗದ ಓದಲು ನನಗೆ ಬರುತ್ತದೆ. ನಿಮಗೆ ಬರುತ್ತದೆಯೇ ಎಂಬುದೇ ನನ್ನ ಅನುಮಾನ.

ನಿಮ್ಮ ಜಗತ್ಪ್ರಸಿದ್ಧ ವಿಡಿಯೋ ಗೇಮಿನಲ್ಲಿ ಲಾಟೀನು ಹಿಡಿದ ಹುಡುಗಿಯ ಹಿಂದೆ ದುಂಡು ಕಣ್ಣಿನ ಪುಟ್ಟ ದೆವ್ವಗಳು ಸಾಲಾಗಿ ಬರುತ್ತವೆ. ನನ್ನ ಗಂಡ ಮಾಡಿದ ಗೇಮಿನಲ್ಲಿ ಕೊಡೆ ರಿಪೇರಿಯ ಮುದುಕನ ಹಿಂದೆ ಹಳೆಯ ಕೊಡೆಗಳ ದೆವ್ವಗಳು ಬರುತ್ತವೆ. ಸಾಲೂ ನಿಮ್ಮದು, ದುಂಡು ಕಣ್ಣೂ ನಿಮ್ಮದು ಎಂದಿರಿ. ಆಗಲಿ ಸ್ವಾಮೀ. ನಮ್ಮ ಕಾಲುವೆಯಲ್ಲಿ ತಾಯಿಯ ಹಿಂದೆ ಈಜುವ ಬಾತುಕೋಳಿ ಮರಿಗಳಿಗೂ ನೋಟಿಸು ಹೋಗಿದೆಯೇ? ಹಳೆಯ ಕೊಡೆಗೆ ಕಣ್ಣು ಮೂಡುತ್ತದೆಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಅವಳು ಯಾರ ಅನುಮತಿ ಪಡೆದಿದ್ದಳೋ ನಾನು ಕಾಣೆ.

ಹೋಲಿಕೆಯೇ ಇಲ್ಲವೆಂದು ಮಾತ್ರ ನಾನು ಹೇಳುವುದಿಲ್ಲ. ಇದೆ. ನಮ್ಮ ಯಜಮಾನರು ಸಿನಿಮಾ ಮಂದಿರಗಳಿಗೆ ಕೈಯಿಂದ ಬೋರ್ಡು ಬರೆಯುತ್ತಿದ್ದವರು. ಆ ಕಸುಬು ಮುಳುಗಿದ ಮೇಲೆ ಎರಡು ವರ್ಷ ಅಂಗಡಿಯ ಮಹಡಿಯಲ್ಲಿ ಗೋಡೆ ನೋಡುತ್ತ ಕೂತರು. ಒಂದು ದಿನ ಯಾರೋ ಮಾರಿದ್ದ ನಿಮ್ಮ ಆ ಗೇಮಿನ ಹಳೆಯ ಪ್ರತಿಯೊಂದನ್ನು ತಂದು ಆಡಿದರು. ಮೂರನೇ ದಿನ ದಡದಡ ಕೆಳಗಿಳಿದು ಬಂದು, ಗಿರಾಕಿಯ ಅರ್ಧ ಗಡ್ಡ ನನ್ನ ಕೈಯಲ್ಲಿರುವಾಗಲೇ, "ಯಾಸುಯೊ, ಈ ದೆವ್ವಗಳನ್ನ ಬರೆದೋರು ಕುಂಚ ಹಿಡಿದೋರು ಕಣೇ! ಗೆರೆ ನೋಡಿದ್ರೆ ಗೊತ್ತಾಗುತ್ತೆ" ಎಂದರು. ಅವತ್ತು ಅವರು ಎರಡು ಬಟ್ಟಲು ಅನ್ನ ಉಂಡರು. ಆಮೇಲೆ ಆರು ವರ್ಷ ತಮ್ಮದೇ ಗೇಮಿಗೆ ಚಿತ್ರ ಬರೆದರು. ಬಸ್ ಡಿಪೋದ ಗೆಳೆಯ ತಾಮೆಯೊಶಿ ಕಂಪ್ಯೂಟರ್ ಕೆಲಸ ಮಾಡಿಕೊಟ್ಟರು.

ನಮ್ಮ ಬೀದಿಯಲ್ಲೊಂದು ಪದ್ಧತಿಯಿದೆ. ಕೆಲಸ ಕಲಿತವನು ತನ್ನದೇ ಅಂಗಡಿ ತೆರೆಯುವ ಮುನ್ನ, ಕಲಿಸಿದ ಅಂಗಡಿಯ ಬಾಗಿಲಿಗೆ ಸಿಹಿ ಹಿಡಿದು ಹೋಗಿ ತಲೆಬಾಗಿ ಬರಬೇಕು. ಗೇಮು ಮಾರಾಟಕ್ಕೆ ಬಿಡುವ ಮುನ್ನ ಯಜಮಾನರು ಅದಕ್ಕೇ ಹಟ ಹಿಡಿದರು.

"ಕಾತ್ಸುಜಿ ಅಣ್ಣ, ಹುಲಿ ಬಾಯಿಗೆ ನೀವಾಗೇ ತಲೆ ಕೊಡ್ತೀರಾ?" ಎಂದರು ತಾಮೆಯೊಶಿ.

"ಕಲ್ತ ಮನೆಗೆ ಹೇಳ್ದೆ ಅಂಗಡಿ ತೆಗಿಯೋಕಾಗುತ್ತೇನಯ್ಯಾ? ಮಾನ ಬೇಡ್ವಾ?"

ಮದುವೆಗೂ ಸಾವಿಗೂ ಹಾಕುವ ಒಂದೇ ಕರಿ ಸೂಟು ತೊಟ್ಟರು. ಚೆಸ್ಟ್‌ನಟ್ ಹಾಕಿದ ಯೋಕನ್ ಸಿಹಿಯ ಡಬ್ಬಿ, ಗೇಮಿನ ಮೊದಲ ಪ್ರತಿ, ಕುಂಚದಲ್ಲಿ ನಾಲ್ಕು ಸಲ ತಿದ್ದಿ ಬರೆದ ಕಾಗದ. ಡಬ್ಬಿಗೆ ಬಟ್ಟೆ ಕಟ್ಟಿಕೊಟ್ಟವಳು ನಾನೇ. ನಿಮ್ಮ ಕಚೇರಿಯ ಬಾಗಿಲಲ್ಲಿ ಕೂತ ಹುಡುಗಿ ಯಾರನ್ನು ನೋಡಬೇಕೆಂದು ಕೇಳಿದಳಂತೆ. "ಯಾರನ್ನೂ ಬೇಡಮ್ಮ, ನಮಸ್ಕಾರ ತಿಳಿಸಿಬಿಡು ಸಾಕು" ಎಂದು ಬಂದರಂತೆ. ಮನೆಗೆ ಬಂದವರೇ "ಒಳಗೆ ತಗೊಂಡ್ರು ಕಣೇ!" ಎಂದು ಇಡೀ ಬೀದಿಗೆ ಸಾರಿದರು.

ನಿಮ್ಮಿಂದ ಉತ್ತರ ಬರಲಿಲ್ಲ. ನಾಲ್ಕು ತಿಂಗಳಿಗೆ ದಾವೆ ಬಂತು.

ನ್ಯಾಯಾಲಯದಲ್ಲಿ ನಿಮ್ಮ ವಕೀಲರು, ಕೆಂಪು ಗೆರೆ ಎಳೆದಿದ್ದ ಸಾಲನ್ನು ಗಟ್ಟಿಯಾಗಿ ಓದಿದರು: "ನಿಮ್ಮ ಆಟವಿಲ್ಲದಿದ್ದರೆ ನನ್ನದು ಹುಟ್ಟುತ್ತಿರಲಿಲ್ಲ. ಸತ್ತಿದ್ದ ನನ್ನ ಕೈಗೆ ಗೆರೆ ಎಳೆಯಲು ಮತ್ತೆ ಕಲಿಸಿದವರು ನೀವು." ಇದು ನಿಮ್ಮದೇ ಬರಹವೇ ಎಂದು ಕೇಳಿದರು. ನಮ್ಮವರು ಎದ್ದು ನಿಂತು, ಸೊಂಟ ಬಗ್ಗಿಸಿ ಅವರಿಗೆ ನಮಸ್ಕರಿಸಿದರು.

"ಹೌದು ಸ್ವಾಮಿ. ನೀವು ಓದಿದ್ರಲ್ಲ, ತುಂಬಾ ಸಂತೋಷ ಆಯ್ತು."

ಯಾರೋ ಕಿಸಕ್ಕನೆ ನಕ್ಕರು. ಪ್ರತಿವಾದಿ ಒಪ್ಪಿಕೊಂಡಿದ್ದಾನೆ ಎಂದು ದಾಖಲಾಯಿತು. ಆ ನಮಸ್ಕಾರ ಯಾವ ಕಡತದಲ್ಲೂ ಇಲ್ಲ. ವಾಪಸು ಬರುವಾಗ ರೈಲಿನಲ್ಲಿ "ಯಾಸುಯೊ, ನನ್ನ ಅಕ್ಷರ ಕೆಟ್ಟದಾಗಿತ್ತಾ? ಅದಕ್ಕೇ ಸಿಟ್ಟಾದ್ರಾ?" ಎಂದರು. ನೀವು ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದಿರಿ?

ಮರುದಿನ ಕುಂಚಗಳನ್ನೆಲ್ಲ ತೊಳೆದು, ದಾರ ಸುತ್ತಿ, ನನ್ನ ಅಂಗಡಿಯ ಟವೆಲ್ಲಿನ ಕಪಾಟಿನಲ್ಲಿಟ್ಟರು. ಈಗ ಮತ್ತೆ ಗೋಡೆ ನೋಡುತ್ತ ಕೂರುತ್ತಾರೆ. ಒಂದೇ ಬಟ್ಟಲು ಅನ್ನ, ಅದೂ ಅರ್ಧ ಉಳಿಯುತ್ತದೆ.

ಗೇಮನ್ನು ನಾವು ಅಂಗಡಿಗಳಿಂದ ವಾಪಸು ತರಿಸಿದ್ದೇವೆ. ದಾವೆಯನ್ನೂ ನೀವೇ ಗೆಲ್ಲಿರಿ. ನಾನು ಕೇಳುವುದು ಬೇರೆ. ನಿಮ್ಮ ಸಾಕ್ಷ್ಯಗಳ ಪಟ್ಟಿಯನ್ನು ಮೂರು ಸಲ ಓದಿದೆ. ಕಾಗದ ಇದೆ, ಗೇಮಿನ ಪ್ರತಿ ಇದೆ, ಡಬ್ಬಿಗೆ ಕಟ್ಟಿದ್ದ ಬಟ್ಟೆಯೂ ಇದೆ. ಯೋಕನ್ ಇಲ್ಲ. ಅಂದರೆ ನಿಮ್ಮಲ್ಲಿ ಯಾರೋ ಅದನ್ನು ತಿಂದಿದ್ದಾರೆ. ತಿಂದವರು ನನ್ನ ಗಂಡನಿಗೆ ಒಂದು ಕಾರ್ಡು ಬರೆಯಲಿ. ಕಾಗದ ತಲುಪಿತು, ಸಿಹಿ ಚೆನ್ನಾಗಿತ್ತು ಎಂದು. ಕಾನೂನಿನ ಮಾತು ಒಂದೂ ಬೇಡ, ಕೈಯಲ್ಲೇ ಬರೆಯಲಿ. ನಮ್ಮವರು ಗೆರೆ ನೋಡಿ ಗುರುತಿಸುತ್ತಾರೆ.

ಇಂತಿ,
ಆ ಡಬ್ಬಿಯ ಗಂಟನ್ನು ಎರಡು ಸಲ ಬಿಚ್ಚಿ ಚೆಂದವಾಗಿ ಕಟ್ಟಿದ್ದ ದಡ್ಡಿ,
ನಿಶಿವಾಕಿ ಯಾಸುಯೊ
ಕ್ಷೌರದಂಗಡಿ, ಸಕಾಯಿ